ಮೂರನೆಯ ತಿರುವಿನಲ್ಲಿ ದಾರಿ ತಪ್ಪುವುದು

ಬೆಂಗಳೂರಿನ ಹೊರವಲಯದಲ್ಲಿ ಸೇನೆಗೆ ಹೊಸದಾಗಿ ಸೇರಿದ ರಂಗರೂಟ್‌ಗಳನ್ನು ದಿಕ್ಸೂಚಿ ಹಿಡಿಸಿ ರಾತ್ರಿ ನಡಿಗೆಗೆ ಕರೆದೊಯ್ಯುತ್ತಿದ್ದ ವರ್ಷಗಳಲ್ಲಿ, ಪ್ರತಿ ಬ್ಯಾಚಿನಲ್ಲೂ ಒಂದಾದರೂ ತಂಡ ಮೂರನೆಯ ತಿರುವಿನಲ್ಲೇ ದಾರಿ ತಪ್ಪುತ್ತಿತ್ತು. ತರಬೇತಿ ಕೊಡುವ ಉಸ್ತಾದರಾದ ನಾವು ಗದರಿ, ಬೆಳಗಿನ ಪರೇಡಿನಲ್ಲಿ ಎರಡು ಸುತ್ತು ಹೆಚ್ಚು ಓಡಿಸಿ, ಲೆಕ್ಕ ಚುಕ್ತಾ ಮಾಡುತ್ತಿದ್ದೆವು. ಒಮ್ಮೆ ಗದಗದ ಕಡೆಯ ಹುಡುಗನೊಬ್ಬ, ಶಿಕ್ಷೆ ಮುಗಿದ ಮೇಲೆ, ಬೂಟು ಉಜ್ಜುತ್ತ ತಲೆ ಎತ್ತದೆ ಹೇಳಿದ: "ಉಸ್ತಾದ್, ಅಲ್ಲಿ ಮುಳ್ಳು ನೆಟ್ಟಗ ನಿಂದ್ರಂಗಿಲ್ರಿ."

ಮರುದಿನ ಹೋಗಿ ನೋಡಿದೆ. ದಿಕ್ಸೂಚಿ ಹಿಡಿದು ನಿಲ್ಲುವ ಜಾಗದ ಮೇಲೆಯೇ ಹೈಟೆನ್ಶನ್ ತಂತಿ ಹಾದುಹೋಗಿತ್ತು, ಪಕ್ಕದಲ್ಲಿ ಕಬ್ಬಿಣದ ಬೇಲಿ. ನಮ್ಮ 1:50,000 ಅಳತೆಯ ಭೂಪಟದಲ್ಲಿ ತಂತಿಯೂ ಇರಲಿಲ್ಲ, ಬೇಲಿಯ ಹಿಂದಿನ ಬಡಾವಣೆಯೂ ಇರಲಿಲ್ಲ. ಅಲ್ಲೊಂದು ಕೆರೆ ಭೂಪಟದಲ್ಲಿ ಇನ್ನೂ ನೀಲಿಯಾಗಿ ತುಂಬಿಕೊಂಡಿತ್ತು.

ನನ್ನ ಶೋಧಕ್ಕೆ ನಾನೇ ಹಿಗ್ಗುವಷ್ಟರಲ್ಲಿ, ಹಿರಿಯ ಹವಾಲ್ದಾರರೊಬ್ಬರು ಜೇಬಿನಿಂದ ಎಣ್ಣೆ ಕಲೆಯ ಪುಟ್ಟ ಪುಸ್ತಕ ತೆಗೆದು ತೋರಿಸಿದರು. "ಮೂರನೇ ತಿರುವು: ನೂರು ಹೆಜ್ಜೆ ಆಚೆ ನಿಂತು ಬೇರಿಂಗ್" ಎಂದು, ಅಂದರೆ ದಿಕ್ಕಿನ ಕೋನವನ್ನು ಅಲ್ಲಿಂದ ಅಳೆಯಬೇಕೆಂದು, ಅದರಲ್ಲಿ ಎಂದೋ ಬರೆದಾಗಿತ್ತು. ಅವರ ತಂಡ ಎಂದೂ ದಾರಿ ತಪ್ಪದಿರುವುದರ ಗುಟ್ಟು ಅದು. ಮೊದಲೇ ಏಕೆ ಹೇಳಲಿಲ್ಲವೆಂದರೆ, "ಯಾರು ಕೇಳಿದ್ರು?" ಎಂದರು. ಎರಡು ಮೂರು ವರ್ಷಕ್ಕೆ ಉಸ್ತಾದರ ಪೋಸ್ಟಿಂಗ್ ಬದಲಾಗುತ್ತದೆ, ಅಂಥ ಪುಸ್ತಕ ಟ್ರಂಕಿನೊಂದಿಗೆ ಊರು ಬಿಡುತ್ತದೆ, ತರಗತಿಯ ಪ್ರೆಸಿ, ಅಂದರೆ ಪಾಠದ ಟಿಪ್ಪಣಿ, ಮಾತ್ರ ಒಂದಕ್ಷರ ಬದಲಾಗದೆ ಉಳಿಯುತ್ತದೆ. ಸಾವಿರಾರು ಜನರಿಗೆ ಕಲಿಸುವ ಸಂಸ್ಥೆ ತಾನು ಕಲಿಯದೆ ಉಳಿಯುವುದು ಹೀಗೆ.

ವಿಯೆಟ್ನಾಂ ಯುದ್ಧದ ನಂತರ ಅಮೆರಿಕದ ಸೇನೆ ಇದೇ ರೋಗಕ್ಕೆ ಮದ್ದು ಹುಡುಕಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಅರ್ವಿನ್ ಮರುಭೂಮಿಯಲ್ಲಿ ಅಣಕು ಯುದ್ಧ ಮುಗಿದೊಡನೆ ಎಲ್ಲರನ್ನೂ ಕೂರಿಸಿ, ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದೇನು ಮಾಡಬೇಕು ಎಂದು ಕೇಳುವ 'ಆಫ್ಟರ್ ಆಕ್ಷನ್ ರಿವ್ಯೂ' ಅಲ್ಲಿ ಬೇರೂರಿತು. ಯಾರಿಗೆ ಗುಂಡು ತಗುಲಿತೆಂಬುದನ್ನು ಲೇಸರ್ ಉಪಕರಣಗಳೇ ತೋರಿಸುತ್ತಿದ್ದುದರಿಂದ, ಮೇಲಧಿಕಾರಿಗೂ ವಾದಿಸಿ ಜಾರಿಕೊಳ್ಳಲು ಎಡೆಯಿರಲಿಲ್ಲ. ಅಂಥ ಪಾಠಗಳನ್ನು ಕಲೆಹಾಕಿ ಹಂಚಲೆಂದೇ 1985ರಲ್ಲಿ ಫೋರ್ಟ್ ಲೆವನ್‌ವರ್ತ್‌ನಲ್ಲಿ ಒಂದು ಕೇಂದ್ರ ಹುಟ್ಟಿತು. ನಮ್ಮಲ್ಲೂ ತರಬೇತಿಗೆಂದೇ ಒಂದು ಕಮಾಂಡ್ 1991ರಲ್ಲಿ ಮಧ್ಯಪ್ರದೇಶದ ಮ್ಹೌನಲ್ಲಿ ಸ್ಥಾಪನೆಯಾಗಿ, 1993ರಲ್ಲಿ ಶಿಮ್ಲಾಕ್ಕೆ ಹೋಯಿತು. ಇನ್ನು, ಮುಳ್ಳುತಂತಿಯ ಅಡೆತಡೆಯನ್ನು ಸ್ಫೋಟಿಸಿ ಸೀಳುವ ಬೆಂಗಳೂರು ಟಾರ್ಪೆಡೊವನ್ನು 1912ರಲ್ಲಿ ಇದೇ ಊರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದರು. ಹೊಸದು ಹೊಳೆಯುವ ನೆಲವಲ್ಲ ಇದು ಎಂದು ಯಾರೂ ಹೇಳುವಂತಿಲ್ಲ.

ನಾವೂ ಪ್ರತಿ ನಡಿಗೆಯ ನಂತರ ಅರ್ಧ ಗಂಟೆ ಕೂರತೊಡಗಿದೆವು. ಅತಿ ಕಿರಿಯನು ಮೊದಲು ಮಾತಾಡಬೇಕು, ಆಡಿದ್ದಕ್ಕೆ ಶಿಕ್ಷೆಯಿಲ್ಲ ಎಂಬುದಷ್ಟೇ ನಿಯಮ. ಮೊದಲ ಎರಡು ವಾರ ಸೊಳ್ಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹಿಂದಿಯಲ್ಲಿ ಕೇಳಿದರೆ "ಸಬ್ ಠೀಕ್, ಉಸ್ತಾದ್" ಎನ್ನುತ್ತಿದ್ದ ಹುಡುಗರು, ಅವರವರ ಭಾಷೆಯಲ್ಲಿ ಹೇಳಬಹುದೆಂದ ಮೇಲೆ ಬಾಯಿ ಬಿಟ್ಟರು. ಹರಕು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಬಂದ ದೂರುಗಳಲ್ಲಿ ಅರ್ಧದಷ್ಟು ನಮ್ಮ ಕಲಿಸುವ ಕ್ರಮದ ಮೇಲೆಯೇ ಇದ್ದವು. ನನಗೆ ಮುಜುಗರವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಪ್ರೆಸಿಗೆ ಸೇರಬೇಕಾದ ತಿದ್ದುಪಡಿಯನ್ನು ಬರೆದು ಮೇಲಕ್ಕೆ ಕಳುಹಿಸಿದೆವು. ನನ್ನ ನಿವೃತ್ತಿಯವರೆಗೂ ಅದು ಮರಳಲಿಲ್ಲ. ಕೊನೆಯ ವಾರ ಹವಾಲ್ದಾರರ ಪುಸ್ತಕದ ಆ ಪುಟವನ್ನು ನಕಲು ಮಾಡಿಸಿ, ದಿಕ್ಸೂಚಿಗಳನ್ನಿಡುವ ಕಪಾಟಿನ ಬಾಗಿಲ ಒಳಬದಿಗೆ, ತೆಗೆಯಲಾಗದಂತೆ ನಾಲ್ಕೂ ಮೂಲೆಗೆ ಗೋಂದು ಬಳಿದು ಅಂಟಿಸಿ ಬಂದೆ.