ಬೆಂಗಳೂರು ವಾರ್ಡ್ ನಕ್ಷೆ: ಈಗ ಮೇಯರ್ ಮತಗಳ ಸರದಿ

2015ರ ಪಾಲಿಕೆ ಚುನಾವಣೆಯ ಪದರ ಮುಗಿಯಿತು. ನಕ್ಷೆ ತಯಾರಿಸುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ 198 ವಾರ್ಡ್‌ಗಳಿಗೂ ಗೆದ್ದ ಪಕ್ಷದ ಬಣ್ಣ ಬಿದ್ದಿದೆ. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರು ಮತ್ತಿತರರು 8. ನಕ್ಷೆ ಮಾತ್ರ ನೋಡಿದವರು ಬಿಜೆಪಿಯೇ ಅಧಿಕಾರ ಹಿಡಿದಿರಬೇಕು ಅಂತಾರೆ. 198ರಲ್ಲಿ 100 ಅಂದರೆ ಬಹುಮತ ಅಲ್ವಾ? ಆದರೆ ಆ ಸೆಪ್ಟೆಂಬರ್‌ನಲ್ಲಿ ಮೇಯರ್ ಆದವರು ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ. ಉಪಮೇಯರ್ ಸ್ಥಾನ ಜೆಡಿಎಸ್‌ಗೆ ಹೋಯಿತು.

ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳಷ್ಟೇ ಅಲ್ಲ, ನಗರದ ಶಾಸಕರು, ಸಂಸದರು, ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರೂ ಮತ ಹಾಕುತ್ತಿದ್ದರು. ಎಲ್ಲ ಸೇರಿ ಸುಮಾರು 260. ಹೊರಗಿನ ಪರಿಷತ್ ಸದಸ್ಯರು ಬೆಂಗಳೂರಿನ ವಿಳಾಸ ಕೊಟ್ಟು ಪಟ್ಟಿ ಸೇರಿದರು ಅಂತ ದೊಡ್ಡ ಗಲಾಟೆಯೇ ಆಗಿತ್ತು. ಪಕ್ಷೇತರರು ಕೇರಳದ ರೆಸಾರ್ಟ್‌ಗೆ ಹೋಗಿ ಬಂದಿದ್ದೂ ಆಗಲೇ.

ಈ ಅರವತ್ತು ಚಿಲ್ಲರೆ ಮತಗಳನ್ನು ಎಲ್ಲಿ ತೋರಿಸೋದು? ಶಾಸಕರದು ಸುಲಭ, ಅವರ ಕ್ಷೇತ್ರದ ನಡುವೆ ಒಂದು ಚುಕ್ಕಿ. ಪರಿಷತ್ ಸದಸ್ಯರಿಗೆ ಇಂಥದ್ದೇ ಜಾಗ ಅಂತಿಲ್ಲ. ಕೊನೆಗೆ ಅವರನ್ನೆಲ್ಲ ನಕ್ಷೆಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ನೋಡೋಕೆ ಚೆನ್ನಾಗಿಲ್ಲ, ಆದರೆ ವಾರ್ಡ್‌ಗಳ ಹೊರಗಿನ ಮತ ಎಷ್ಟು ತೂಗುತ್ತಿತ್ತು ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮುಂದಿನ ಮೂರು ವರ್ಷ ಮೇಯರ್ ಆದವರು ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್. ಮೂವರೂ ಕಾಂಗ್ರೆಸ್, ಮೂರು ಸಲವೂ ಜೆಡಿಎಸ್ ಜೊತೆ. ಅಲ್ಲಿ ಹೆಚ್ಚು ಕೆಲಸ ಇರಲಿಲ್ಲ.

ನನಗೆ ಖುಷಿ ಕೊಟ್ಟಿದ್ದು 2019ರ ಪದರ. ವಾರ್ಡ್‌ಗಳ ಬಣ್ಣ ಹೆಚ್ಚುಕಡಿಮೆ ಹಾಗೇ ಇದೆ, ಮೇಯರ್ ಮಾತ್ರ ಬಿಜೆಪಿಯ ಗೌತಮ್ ಕುಮಾರ್. ಆ ಜುಲೈನಲ್ಲಿ ರಾಜ್ಯದ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿತ್ತು. ಅನರ್ಹರಾದ ಶಾಸಕರಲ್ಲಿ ಐವರು ನಗರದವರು: ಯಶವಂತಪುರ, ಕೆ.ಆರ್. ಪುರ, ರಾಜರಾಜೇಶ್ವರಿನಗರ, ಮಹಾಲಕ್ಷ್ಮಿ ಲೇಔಟ್, ಶಿವಾಜಿನಗರ. ಕಾಂಗ್ರೆಸ್-ಜೆಡಿಎಸ್ ಕಡೆಯ ಐದು ಚುಕ್ಕಿ ಅಳಿಸಿದೆ. ಪಕ್ಷೇತರರಲ್ಲಿ ಹಲವರು ಬಿಜೆಪಿ ಕಡೆ ವಾಲಿದರು. ವಾರ್ಡ್ ಮತದಾರರು ಬೂತ್ ಕಡೆ ಹೋಗದೆಯೇ ಪಾಲಿಕೆ ಕೈ ಬದಲಾಯಿತು.

2020ರ ಸೆಪ್ಟೆಂಬರ್‌ಗೆ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಅಲ್ಲಿಂದಾಚೆ ಬಣ್ಣ ಬಳಿಯೋಕೆ ಏನೂ ಇಲ್ಲ, ಬೂದು ಬಣ್ಣ ಹಾಕಿದ್ದೇನೆ. ವಾರ್ಡ್ ಗಡಿ ಮಾತ್ರ ಬದಲಾಗುತ್ತಲೇ ಇತ್ತು: ಮೊದಲು 243, ಆಮೇಲೆ 225. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಒಂದು ಪಾಲಿಕೆ ಐದಾಯಿತು.

ಮುಂದಿನ ಕೆಲಸ ಹಳೆಯ 198 ವಾರ್ಡ್‌ಗಳನ್ನು ಈ ಐದರೊಳಗೆ ಕೂರಿಸೋದು. ಗಡಿಗಳು ಒಂದಕ್ಕೊಂದು ಹೊಂದುವುದಿಲ್ಲ, ಹಳೆಯ ಎಷ್ಟೋ ವಾರ್ಡ್‌ಗಳು ಚೂರಾಗಿವೆ. ಸದ್ಯಕ್ಕೆ ಪಶ್ಚಿಮ ಪಾಲಿಕೆಯಿಂದ ಶುರು ಮಾಡಿದ್ದೇನೆ.