ಕಟ್ಟುವಾಗಲೇ ಕೊಡೆ ಬೇಡುವ ಕಟ್ಟಡ

ದಕ್ಷಿಣ ಸ್ವೀಡನ್ನಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೈಗೆ ಬಂದದ್ದು ತೇವಾಂಶ ಅಳೆಯುವ ಮೀಟರ್. ಅದರ ಎರಡು ಮೊಳೆಗಳನ್ನು ಮರಕ್ಕೆ ಬಡಿದರೆ, ಒಳಗೆ ಎಷ್ಟು ನೀರಿದೆ ಎಂಬುದನ್ನು ವಿದ್ಯುತ್ ರೋಧದ ಲೆಕ್ಕದಲ್ಲಿ ಅದು ತೋರಿಸುತ್ತದೆ. ಕಾಂಕ್ರೀಟಿಗೆ ನೀರುಣಿಸಿ ಕ್ಯೂರಿಂಗ್ ಮಾಡುವುದನ್ನೇ ಕಲಿತಿದ್ದ ನನಗೆ, ನೀರನ್ನು ದೂರವಿಡುವುದೇ ದಿನವಿಡೀ ಕೆಲಸವಾಗಿರುವ ಸೈಟ್ ತೀರಾ ಹೊಸದು.

1994ರವರೆಗೆ ಇಲ್ಲಿ ಎರಡು ಅಂತಸ್ತಿಗಿಂತ ಎತ್ತರಕ್ಕೆ ಮರದ ಕಟ್ಟಡ ಕಟ್ಟುವಂತಿರಲಿಲ್ಲ. ಆ ನಿರ್ಬಂಧ ಹೋದ ಮೇಲೆ, ಹಲಗೆಗಳನ್ನು ಪದರ ಪದರವಾಗಿ ಅಡ್ಡಡ್ಡ ಜೋಡಿಸಿ ಅಂಟಿಸಿದ ಸಿಎಲ್‌ಟಿ ಫಲಕಗಳಿಂದ ಬಹುಮಹಡಿ ಮನೆಗಳು ಎದ್ದಿವೆ. ಫಲಕಗಳು ಕಾರ್ಖಾನೆಯಿಂದ ಹೊರಡುವಾಗ ಅವುಗಳ ತೇವಾಂಶ ಶೇ. 12ರ ಆಸುಪಾಸಿನಲ್ಲಿರುತ್ತದೆ. ಅಗಲವಾದ ಮೈಮೇಲೆ ಬಿದ್ದ ಒಂದು ಮಳೆ, ಗಾಳಿಯಾಡಿದರೆ ಆರಿಹೋಗುತ್ತದೆ. ನಿಜವಾದ ಅಪಾಯವಿರುವುದು ಅಡ್ಡ ಕೊಯ್ದ ತುದಿಗಳಲ್ಲಿ: ಅಲ್ಲಿ ಮರದ ಎಳೆಗಳು ಬಾಯ್ತೆರೆದುಕೊಂಡಿರುವುದರಿಂದ, ನಿಂತ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆ ಹೀರಿಕೊಳ್ಳುತ್ತವೆ.

ಒಂದು ಶರತ್ಕಾಲದ ಸೋಮವಾರ ಇದನ್ನು ಕಣ್ಣಾರೆ ಕಂಡೆ. ವಾರಾಂತ್ಯದ ಗಾಳಿಗೆ ಟಾರ್ಪಾಲಿನ ಒಂದು ಮೂಲೆ ಕಿತ್ತುಬಂದು, ಮೇಲಿನ ಮಹಡಿಯಲ್ಲಿ ನಿಂತ ನೀರು ಸಂದಿನಲ್ಲಿಳಿದು ಕೆಳಗಿನ ಗೋಡೆಯ ಬುಡ ಸೇರಿತ್ತು. ಗೋಡೆ ಮುಟ್ಟಿದರೆ ಒಣಗಿದಂತೆಯೇ ಇತ್ತು. ಬುಡದಲ್ಲಿ ಮೊಳೆ ಬಡಿದಾಗ ಶೇ. 26, ಒಂದು ಮೊಳ ಮೇಲಕ್ಕೆ ಬಡಿದಾಗ ಶೇ. 13. ಜಿಪ್ಸಂ ಬೋರ್ಡ್ ಹಾಕುವವರು ಮರುದಿನ ಬರುವವರಿದ್ದರು. ಅಂದು ಆ ಗೋಡೆಯನ್ನು ಮುಚ್ಚಿಬಿಟ್ಟಿದ್ದರೆ ನೀರಿಗೆ ಹೊರಹೋಗುವ ದಾರಿಯೇ ಇರುತ್ತಿರಲಿಲ್ಲ. ಬೂಷ್ಟು ಒಳಗೇ ಬೆಳೆದು, ವಾಸನೆ ಬಂದ ಮೇಲಷ್ಟೇ ಮನೆಯವರಿಗೆ ತಿಳಿಯುತ್ತಿತ್ತು. ಮೇಲ್ವಿಚಾರಕರು ಬೋರ್ಡಿನವರನ್ನು ತಡೆದು, ಫ್ಯಾನ್ ಮತ್ತು ತೇವಾಂಶ ಹೀರುವ ಯಂತ್ರಗಳನ್ನು ತರಿಸಿದರು. ಅವಸರಪಟ್ಟು ಬಿಸಿಗಾಳಿ ಹಾಯಿಸುವಂತೆಯೂ ಇಲ್ಲ, ಹೊರಪದರ ಬೇಗ ಕುಗ್ಗಿ ಮರ ಬಿರುಕು ಬಿಡುತ್ತದೆ.

ಬೂಷ್ಟಿನದಷ್ಟೇ ಕಥೆಯಲ್ಲ. 200 ಮಿ.ಮೀ. ದಪ್ಪದ ನೆಲದ ಫಲಕ ಶೇ. 12ರಿಂದ 20ಕ್ಕೆ ಏರುವಷ್ಟು ನೀರು ಕುಡಿದರೆ ಅದರ ದಪ್ಪ ಸುಮಾರು 4 ಮಿ.ಮೀ. ಹೆಚ್ಚುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಕೂಡಿಸುವ ಕಟ್ಟಡದಲ್ಲಿ ಇದು ಸಣ್ಣ ಸಂಗತಿಯಲ್ಲ.

ವೆಕ್ಷೋ ಪಟ್ಟಣದ ಲಿಮ್ನೊಲೊಗೆನ್ ಎಂಬ ಎಂಟಂತಸ್ತಿನ ನಾಲ್ಕು ಕಟ್ಟಡಗಳನ್ನು ದೊಡ್ಡ ಗುಡಾರದಡಿ ಕಟ್ಟಿದರು. ಮಹಡಿ ಏರಿದಂತೆ ಗುಡಾರದ ಮಾಡನ್ನೂ ಏರಿಸುತ್ತ ಹೋದರು. ಅಂಥ ಮಾಡಿಗೆ ಹಣ ಹೆಚ್ಚು ಬೇಕು, ಆದ್ದರಿಂದ ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಇದು ತಪ್ಪೆಂದೇ ನನ್ನ ಅಭಿಪ್ರಾಯ. ಅಂಥ ಮಾಡು ಇಲ್ಲದಿದ್ದರೆ ಫಲಕದ ತುದಿಗಳಿಗೆ ಮೊದಲೇ ಲೇಪ ಹಚ್ಚಬೇಕು, ಸಂದುಗಳಿಗೆ ಟೇಪ್ ಅಂಟಿಸಬೇಕು, ಅಂದು ಜೋಡಿಸುವ ಫಲಕಗಳನ್ನು ಅಂದೇ ತರಿಸಬೇಕು, ನಿಂತ ನೀರನ್ನು ಸಂಜೆಯೊಳಗೆ ಎತ್ತಿ ಹಾಕಬೇಕು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟರೂ ಸಾಲದು, ಒಳಗಿನ ಆವಿ ಹನಿಗಟ್ಟಿ ಮರದ ಮೇಲೇ ಬೀಳುತ್ತದೆ. ಕೆಳಗಡೆ ಗಾಳಿಗೆ ದಾರಿ ಬಿಡಲೇಬೇಕು.

ಆ ಗೋಡೆಯ ಬುಡದಲ್ಲಿ ದಿನಾಂಕದೊಂದಿಗೆ ಅಳತೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತ ಬಂದೆ: 26, 22, 19, 17. ಶೇ. 15 ಬಂದ ದಿನ ಬೋರ್ಡಿನವರಿಗೆ ಫೋನ್ ಮಾಡಿದೆ.