ಅದು ಕಾಡಲ್ವಾ ಅಕ್ಕಾ?

ಮೊನ್ನೆ ಮಂಗಳವಾರ ಒಬ್ಬರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈಸಿಕೊಂಡವರು ಕಾಡು, ಅಂದರೆ ಕಳೆ, ಸವರುವ ಅಣ್ಣ. ಅಡಿಕೆ ಕೊಯ್ಲಿಗೆ ಮೊದಲು ತೋಟದ ಹುಲ್ಲು ತೆಗೆಯಬೇಕಲ್ಲ, ಮೆಷಿನ್ ಹಿಡಿದು ಬಂದವರು ಬಾವಿಕಟ್ಟೆಯ ಹತ್ತಿರದ ನನ್ನ ಕಿಲುಕ್ಕಿ ಗಿಡಗಳನ್ನೂ ಸವರಿ ರಾಶಿ ಹಾಕಿದ್ದರು.

"ಅದು ಕಾಡಲ್ವಾ ಅಕ್ಕಾ?" ಎಂದರು. ಅಷ್ಟೇ.

ಹಳದಿ ಹೂವಿನ ಗಿಡ ಅದು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಕಡೆ ನಾವೂ ಮಲಯಾಳದ ಹೆಸರನ್ನೇ ಹೇಳುವುದು. ಮಳೆಗಾಲ ಶುರುವಾಗುವಾಗ ಘಟ್ಟ ಬಿಟ್ಟು ಮೂಡಣ ಬಯಲಿಗೆ ಹೋದ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಿಂತಿರುಗುತ್ತವೆ. ಬ್ಲೂ ಟೈಗರಿಗೆ ಮಲಯಾಳದಲ್ಲಿ ನೀಲಕ್ಕಡುವ, ನೀಲಿ ಹುಲಿ ಅಂತ. ಅವು ಬಂದಾಗ ಕೂರಲಿ, ನಾಲ್ಕು ಫೋಟೋ ಸಿಗಲಿ ಎಂದು ಎರಡು ವರ್ಷದಿಂದ ಸಾಕಿದ ಗಿಡಗಳು.

ರಾತ್ರಿ ಊಟ ಮಾಡುವಾಗಲೂ ಅದೇ ಕಿವಿಯಲ್ಲಿ. ಕಾಡಲ್ವಾ? ನಮ್ಮಲ್ಲಿ ಅಡಿಕೆ, ತೆಂಗು, ಕಾಳುಮೆಣಸು ಬಿಟ್ಟರೆ ಉಳಿದದ್ದೆಲ್ಲ ಕಾಡೇ. ಅತ್ತೆಯ ಲೆಕ್ಕದಲ್ಲಿ ನನ್ನ ಕ್ಯಾಮೆರಾವೂ ಕಾಡೇ ಇರಬೇಕು.

ಗುರುವಾರ ಬೆಳಿಗ್ಗೆ ನೀರು ಸೇದಲು ಹೋದರೆ ಆ ಬಾಡಿದ ರಾಶಿಯ ಮೇಲೆ ಚಿಟ್ಟೆಗಳು! ಮೂವತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಹೂವಿನ ಮೇಲೆ ಒಂದೂ ಇಲ್ಲ. ಮುರಿದ ದಂಟು, ಮುದುಡಿದ ಎಲೆಗೆ ಸೊಂಡಿಲು ಒತ್ತಿ, ಒದ್ದೆ ಮಾಡಿ ಹೀರುತ್ತಿದ್ದವು. ಬೇರೆ ದಿನ ನೆರಳು ಬಿದ್ದರೆ ಸಾಕು, ಹಾರಿ ಹೋಗುತ್ತವೆ. ಅವತ್ತು ಗೇಣು ದೂರಕ್ಕೆ ಹೋದರೂ ಕದಲಲಿಲ್ಲ. ಶೇಂದಿ ಕುಡಿದವರ ಹಾಗೆ.

ಹೀಗೆ ಬರುವುದು ಹೆಚ್ಚಾಗಿ ಗಂಡು ಚಿಟ್ಟೆಗಳು. ಆ ಗಿಡದಲ್ಲಿ ಒಂದು ಕಹಿ ವಿಷ ಉಂಟು. ಅದನ್ನು ಹೀರಿದರೆ ಹೆಣ್ಣನ್ನು ಒಲಿಸುವ ವಾಸನೆಯೂ ಆಯಿತು, ಹಕ್ಕಿಗಳಿಗೆ ಬಾಯಿ ಕಹಿಯೂ ಆಯಿತು. ಗಾಯವಾದ, ಒಣಗಿದ ಭಾಗದಲ್ಲೇ ಅದು ಸುಲಭವಾಗಿ ಸಿಗುವುದು. ಇದನ್ನೆಲ್ಲ ನಾನು ಓದಿದ್ದೆ ಮಾರಾಯ್ರೆ! ಆದರೂ ಫೋಟೋ ಚಂದ ಬರಲಿ ಅಂತ ಎರಡು ವರ್ಷ ಒಣಗಿದ ಎಲೆಗಳನ್ನೆಲ್ಲ ನಾನೇ ಚಿವುಟಿ ತೆಗೆಯುತ್ತಿದ್ದೆ. ಚಿಟ್ಟೆ ಬರುತ್ತಿದ್ದದ್ದು ಒಂದೋ ಎರಡೋ.

ನಿನ್ನೆ ಅಣ್ಣ ಸಂಬಳಕ್ಕೆ ಬಂದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಚಹಾ ಕೊಟ್ಟು, ಸುಮ್ನೆ ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಲೋಟ ಹಿಡಿದುಕೊಂಡೇ ಸುಮಾರು ಹೊತ್ತು ನೋಡಿದರು.

"ಬೇಲಿ ಬದಿಯಲ್ಲಿ ಇನ್ನೂ ನಾಲ್ಕು ಗಿಡ ಉಂಟು. ಅದನ್ನೂ ಸವರಲಾ ಅಕ್ಕಾ?"

ತಮಾಷೆಯೋ ನಿಜವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಬೀಜಕ್ಕೆ ಇರಲಿ ಎಂದೆ.